ಹಾಡು ಅಂಕಿಯಾಗುವ ಬಾಗಿಲಲ್ಲಿ: ಆಡಿಯೋ ಕನ್ವರ್ಟರ್‌ನ ಕಥೆ



ನಮ್ಮ ಧರ್ಮಕೇಂದ್ರದ ಗಾನವೃಂದದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಯುವಜನರಾದ ನಾವು ಕೈಗೆತ್ತಿಕೊಂಡದ್ದು ನಿಮಗೆಲ್ಲ ಗೊತ್ತಿದೆ. ಕನ್ನಡ, ಕೊಂಕಣಿ ಎರಡರಲ್ಲೂ ಹಾಡಿದ ಗೀತೆಗಳು ಅವು. ಹಾಡಿದವರಲ್ಲಿ ಹಲವರು ಇಂದು ನಮ್ಮೊಂದಿಗಿಲ್ಲ. ಮೊದಲ ಕ್ಯಾಸೆಟ್‌ನಲ್ಲೇ ನಾವು ಎಡವಿದೆವು. ಧ್ವನಿ ದೊಡ್ಡದಾಗಿ ಬರಲಿ ಎಂದು ರೆಕಾರ್ಡಿಂಗ್ ಗುಂಡಿಯನ್ನು ಜಾಸ್ತಿ ತಿರುಗಿಸಿದ್ದೆವು. ಆಮೇಲೆ ಕೇಳಿದರೆ ಎತ್ತರದ ಸ್ವರ ಬಂದಲ್ಲೆಲ್ಲ ಧ್ವನಿ ಒಡೆದು ಕರಕರ ಎನ್ನುತ್ತಿತ್ತು. ಸರಿ, ಇನ್ನೊಮ್ಮೆ ಹಾಕೋಣ ಎಂದು ಹೊರಟರೆ, ಮೂರನೆಯ ಹಾಡಿನ ಹೊತ್ತಿಗೆ ಟೇಪು ಪ್ಲೇಯರಿನಲ್ಲಿ ಸಿಕ್ಕಿಕೊಂಡು ತುಂಡಾಯಿತು. ಆ ಒಂದು ಹಾಡು ಈಗ ನಮ್ಮಲ್ಲಿ ಉಳಿದಿರುವುದು ಒಡೆದ ಧ್ವನಿಯಲ್ಲಿ ಮಾತ್ರ.

ಆ ದಿನ ನಮ್ಮೊಳಗೆ ದೊಡ್ಡ ಚರ್ಚೆಯಾಯಿತು. ಕೆಲವರು, "ನಮ್ಮ ರೆಕಾರ್ಡಿಂಗ್ ಪೆಟ್ಟಿಗೆ ಅಗ್ಗದ್ದು, ದುಬಾರಿಯದ್ದು ತರಬೇಕು" ಎಂದರು. ಇನ್ನು ಕೆಲವರು, "ಡಿಜಿಟಲ್ ಅಂದರೇ ಹೀಗೆ, ಕ್ಯಾಸೆಟ್‌ನ ಇಂಪು ಅದಕ್ಕೆಲ್ಲಿ" ಎಂದರು. ಯಾರ ಮಾತು ಸರಿ ಎಂದು ತಿಳಿಯಲು ಆ ಪೆಟ್ಟಿಗೆಯ ಇತಿಹಾಸವನ್ನೇ ಓದಿದೆವು. ಓದಿದ ಮೇಲೆ ಎರಡೂ ಕಡೆಯವರು ಸ್ವಲ್ಪ ತಣ್ಣಗಾದೆವು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕನ್ವರ್ಟರ್ ಮತ್ತು ಮಾಸ್ಟರಿಂಗ್

ಮೈಕ್ ಅಥವಾ ಟೇಪಿನಿಂದ ಬರುವುದು ಏರಿಳಿಯುವ ವಿದ್ಯುತ್ತಿನ ಅಲೆ. ಕಂಪ್ಯೂಟರಿಗೆ ಬೇಕಾದದ್ದು ಅಂಕಿ. ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿ ಬರೆಯುವ ಸಾಧನವೇ ಕನ್ವರ್ಟರ್. ಆ ಅಂಕಿಗಳಿಂದ ಮತ್ತೆ ಅಲೆಯನ್ನು ಮಾಡಿಕೊಡಲು ಇನ್ನೊಂದು ಕನ್ವರ್ಟರ್ ಇರುತ್ತದೆ. ಒಂದು ಒಳಬರುವ ಬಾಗಿಲು, ಒಂದು ಹೊರಹೋಗುವ ಬಾಗಿಲು.

ಮಾಸ್ಟರಿಂಗ್ ಎಂದರೆ ಸಂಗೀತದ ಕೊನೆಯ ಹಂತ. ರೆಕಾರ್ಡಿಂಗ್, ಮಿಕ್ಸಿಂಗ್ ಎಲ್ಲ ಮುಗಿದ ಮೇಲೆ ಒಬ್ಬರು ಕೂತು ಇಡೀ ಹಾಡಿನ ಮಟ್ಟ, ಹದ, ಹಾಡುಗಳ ನಡುವಿನ ಅಂತರ ಇವನ್ನೆಲ್ಲ ಸರಿಪಡಿಸಿ ಮೂಲಪ್ರತಿ ತಯಾರಿಸುತ್ತಾರೆ. ಮುಂದಿನ ಸಾವಿರಾರು ಪ್ರತಿಗಳು ಹುಟ್ಟುವುದು ಅದರಿಂದಲೇ. ಅಲ್ಲಿ ಸೇರಿದ ತಪ್ಪು ಎಲ್ಲ ಮನೆಗೂ ಹೋಗುತ್ತದೆ. ಆದ್ದರಿಂದ ಆ ಹಂತದ ಕನ್ವರ್ಟರ್ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳುತ್ತಾರೆ.

ಟೆಲಿಫೋನಿನಿಂದ ಶುರು

ಈ ಕಥೆ ಸಂಗೀತದಿಂದ ಶುರುವಾಗಲಿಲ್ಲ, ಟೆಲಿಫೋನಿನಿಂದ ಶುರುವಾಯಿತು. ದೂರದ ಕರೆಗೆ ದಾರಿಯುದ್ದಕ್ಕೂ ಆಂಪ್ಲಿಫಯರ್ ಬೇಕಿತ್ತು. ಅದು ಮಾತಿನ ಜೊತೆ ಗೊರಗೊರ ಸದ್ದನ್ನೂ ಹೆಚ್ಚಿಸುತ್ತಿತ್ತು. 1937ರಲ್ಲಿ ಪ್ಯಾರಿಸಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಇಂಜಿನಿಯರ್ ಅಲೆಕ್ ರೀವ್ಸ್ ಇದಕ್ಕೊಂದು ದಾರಿ ಕಂಡುಕೊಂಡರು. ಮಾತನ್ನು ಅಳೆದು ಅಂಕಿ ಮಾಡಿ, ಅಂಕಿಯನ್ನು ಮಿಡಿತಗಳಾಗಿ ಕಳಿಸಿದರೆ, ದಾರಿಯಲ್ಲಿ ಎಷ್ಟು ಗೊರಗೊರ ಸೇರಿದರೂ ಆ ತುದಿಯಲ್ಲಿ "ಮಿಡಿತ ಇದೆಯೋ ಇಲ್ಲವೋ" ಎಂದಷ್ಟೇ ನೋಡಿದರೆ ಸಾಕು. ಇದಕ್ಕೆ ಪಲ್ಸ್ ಕೋಡ್ ಮಾಡ್ಯುಲೇಶನ್, ಪಿಸಿಎಂ, ಎಂದು ಹೆಸರಾಯಿತು. ಸಿಡಿಯಲ್ಲಿ ಇರುವುದು ಇದೇ.

ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು? ಈ ಪ್ರಶ್ನೆಗೆ ಅಮೆರಿಕದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ದಾರಿ ತೋರಿಸಿದ್ದರು. ರಷ್ಯಾದ ಕೊಟೆಲ್ನಿಕೊವ್ 1933ರಲ್ಲಿ, ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತವಾಗಿ ಸಾಧಿಸಿದರು. ಉತ್ತರ ಸರಳ: ಧ್ವನಿಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು, ಅಲೆ ಪೂರ್ತಿಯಾಗಿ ಮರಳಿ ಸಿಗುತ್ತದೆ. ಅಳತೆಗಳ ನಡುವೆ ಏನೋ ಕಳೆದುಹೋಗುತ್ತದೆ ಎಂದು ನಮ್ಮಲ್ಲಿ ಹಲವರು ಭಾವಿಸಿದ್ದೆವು. ಅದು ತಪ್ಪು.

ಸಂಗೀತಕ್ಕೆ ಬಂದದ್ದು

ಜಪಾನಿನ ಆಕಾಶವಾಣಿ ಸಂಸ್ಥೆಯಾದ ಎನ್‌ಎಚ್‌ಕೆಯಲ್ಲಿ 1967ರಲ್ಲಿ ಡಿಜಿಟಲ್ ರೆಕಾರ್ಡರ್ ತಯಾರಾಯಿತು. 1972ರಲ್ಲಿ ಡೆನಾನ್ ಕಂಪೆನಿ 13 ಬಿಟ್‌ನ ಯಂತ್ರದಲ್ಲಿ ಸಂಗೀತ ರೆಕಾರ್ಡ್ ಮಾಡಿ ಎಲ್‌ಪಿ ತಟ್ಟೆಗಳನ್ನು ಹೊರತರಲು ಶುರುಮಾಡಿತು. ಅಮೆರಿಕದ ಯೂಟಾದಲ್ಲಿ ಪ್ರೊಫೆಸರ್ ಥಾಮಸ್ ಸ್ಟಾಕ್‌ಹ್ಯಾಮ್ 1975ರಲ್ಲಿ ಸೌಂಡ್‌ಸ್ಟ್ರೀಮ್ ಎಂಬ ಕಂಪೆನಿ ಕಟ್ಟಿದರು. ಅಧ್ಯಕ್ಷ ನಿಕ್ಸನ್ ಅವರ ಟೇಪಿನಲ್ಲಿ ಅಳಿಸಿಹೋಗಿದ್ದ ಹದಿನೆಂಟೂವರೆ ನಿಮಿಷಗಳನ್ನು ಪರೀಕ್ಷಿಸಿದ ತಜ್ಞರ ತಂಡದಲ್ಲಿ ಇದೇ ಸ್ಟಾಕ್‌ಹ್ಯಾಮ್ ಇದ್ದರು. ಗಾಯಕ ಕರೂಸೋ ಅವರ ಹಳೆಯ ತಟ್ಟೆಗಳ ಧ್ವನಿಯನ್ನು ಕಂಪ್ಯೂಟರಿನಿಂದ ಶುದ್ಧ ಮಾಡಿದವರೂ ಅವರೇ. ಹಳೆಯ ಧ್ವನಿ ಉಳಿಸುವ ನಮ್ಮಂಥವರ ಕೆಲಸಕ್ಕೆ ಅವರು ಹಿರಿಯಣ್ಣ ಇದ್ದಂತೆ.

ಅಷ್ಟೊಂದು ಅಂಕಿಗಳನ್ನು ಬರೆದಿಡಲು ಆಗ ಜಾಗವೇ ಇರಲಿಲ್ಲ. ಸೋನಿ ಕಂಪೆನಿ ವಿಡಿಯೋ ಟೇಪನ್ನು ಬಳಸಿತು. ಟಿವಿ ಚಿತ್ರದ ಒಂದೊಂದು ಗೆರೆಯಲ್ಲಿ 3 ಅಳತೆ, ಒಂದು ಕ್ಷೇತ್ರದಲ್ಲಿ 245 ಗೆರೆ, ಸೆಕೆಂಡಿಗೆ 60 ಕ್ಷೇತ್ರ. ಗುಣಿಸಿ ನೋಡಿ: 44,100. ಯುರೋಪಿನ ಟಿವಿ ಪದ್ಧತಿಯಲ್ಲಿ 3, 294, 50. ಆಗಲೂ 44,100. ಇಂದಿಗೂ ಸಿಡಿಯಲ್ಲಿ ಇರುವ ಸೆಕೆಂಡಿಗೆ 44,100 ಎಂಬ ಸಂಖ್ಯೆ ಹೀಗೆ ವಿಡಿಯೋ ಟೇಪಿನಿಂದ ಬಂದದ್ದು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರ್ ಮಾರಾಟಕ್ಕೆ ಬಂತು.

"ಒರಟು ಧ್ವನಿ" ಎಲ್ಲಿಂದ ಬಂತು?

ಸಿಡಿ ಬಂದಾಗ ಹಲವರು ಸಂತೋಷಪಟ್ಟರು, ಹಲವರು ಧ್ವನಿ ಒರಟು, ತಣ್ಣಗಿದೆ ಎಂದು ದೂರಿದರು. ಆ ದೂರು ಪೂರ್ತಿ ಸುಳ್ಳಲ್ಲ. ಕಾರಣಗಳಲ್ಲಿ ಕೆಲವು ಬಾಗಿಲಲ್ಲೇ, ಅಂದರೆ ಕನ್ವರ್ಟರ್‌ನಲ್ಲೇ ಇದ್ದವು.

ಮೊದಲನೆಯದು ಸೋಸುವ ಫಿಲ್ಟರ್. 44,100 ಸಲ ಅಳೆಯುವಾಗ 22,050 ಹರ್ಟ್ಸ್‌ಗಿಂತ ಮೇಲಿನದ್ದು ಒಳಗೆ ಬರಬಾರದು. ಬಂದರೆ ಅದು ವೇಷ ಬದಲಿಸಿ ಕೆಳಗೆ ಇಳಿಯುತ್ತದೆ. 30,000 ಹರ್ಟ್ಸ್‌ನ ಕೇಳದ ಸದ್ದು 14,100 ಹರ್ಟ್ಸ್‌ನ ಕೇಳುವ ಸದ್ದಾಗುತ್ತದೆ. ಸಿನೆಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ, ಅದೇ ರೀತಿ. ಮನುಷ್ಯನ ಕಿವಿಗೆ ಬೇಕಾದ 20,000 ಹರ್ಟ್ಸ್ ಬಿಟ್ಟುಕೊಡಬೇಕು, 22,050ರಲ್ಲಿ ಗೋಡೆ ಕಟ್ಟಬೇಕು. ಇಷ್ಟು ಕಡಿದಾದ ಗೋಡೆಯನ್ನು ಅಂದಿನ ಬಿಡಿಭಾಗಗಳಲ್ಲಿ ಕಟ್ಟಿದಾಗ ಗೋಡೆಯ ಹತ್ತಿರದ ಸ್ವರಗಳು ಸಮಯದಲ್ಲಿ ಹಿಂದೆಮುಂದೆ ಆಗುತ್ತಿದ್ದವು. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಪೊಜಿ ಕಂಪೆನಿ ಸ್ಟುಡಿಯೋ ಯಂತ್ರಗಳಿಗೆ ಬದಲಿ ಫಿಲ್ಟರ್ ಮಾಡಿಕೊಟ್ಟೇ ಹೆಸರು ಮಾಡಿತು. ಆಮೇಲೆ ಬೇರೆ ಉಪಾಯ ಬಂತು. ಬೇಕಾದದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಸಲ ಅಳೆದು, ಸೋಸುವ ಕೆಲಸವನ್ನು ಲೆಕ್ಕದಿಂದಲೇ ಮಾಡುವುದು. ಡೆಲ್ಟಾ-ಸಿಗ್ಮಾ ಎಂಬ ಈ ವಿಧಾನವನ್ನು ಜಪಾನಿನ ಇನೋಸೆ, ಯಸುದಾ ಮತ್ತು ಸಂಗಡಿಗರು 1962ರಲ್ಲೇ ಬರೆದಿದ್ದರು. ಅದು ಸಂಗೀತದ ಚಿಪ್ ಆಗಿ ಬಳಕೆಗೆ ಬರಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದು ನಮ್ಮ ಅಗ್ಗದ ಪೆಟ್ಟಿಗೆಯಲ್ಲೂ ಅದೇ ಇದೆ.

ಎರಡನೆಯದು ಪೂರ್ಣಾಂಕಕ್ಕೆ ಇಳಿಸುವುದು. 16 ಬಿಟ್ ಎಂದರೆ 65,536 ಮೆಟ್ಟಿಲು. ಅಲೆ ಎರಡು ಮೆಟ್ಟಿಲ ನಡುವೆ ಬಂದರೆ ಹತ್ತಿರದ ಮೆಟ್ಟಿಲಿಗೆ ತಳ್ಳಬೇಕು. ದೊಡ್ಡ ಸದ್ದಿಗೆ ಇದು ಲೆಕ್ಕಕ್ಕಿಲ್ಲ. ಹಾಡಿನ ಕೊನೆಯಲ್ಲಿ ಸ್ವರ ಕರಗುವಾಗ ಮಾತ್ರ ಕೆಲವೇ ಮೆಟ್ಟಿಲು ಉಳಿದು ಧ್ವನಿ ಹರಕು ಹರಕಾಗುತ್ತದೆ. ಇದಕ್ಕೆ ಮದ್ದು ವಿಚಿತ್ರವಾದದ್ದು: ಅಳೆಯುವ ಮೊದಲು ಬೇಕೆಂದೇ ಚೂರು ಗೊರಗೊರ ಸೇರಿಸುವುದು. ಹೆಸರು ಡಿದರ್.

ಅರ್ಥವಾಗಲು ನಾವೊಂದು ಲೆಕ್ಕ ಹಾಕಿದೆವು. ದಿನಾ 10 ರೂಪಾಯಿ 40 ಪೈಸೆಯ ಸಾಮಾನು ಕೊಡುವ ಅಂಗಡಿಯವರು ಪ್ರತಿದಿನ 10 ರೂಪಾಯಿಯನ್ನೇ ತೆಗೆದುಕೊಂಡರೆ ತಿಂಗಳಿಗೆ 12 ರೂಪಾಯಿ ನಷ್ಟ. ಬದಲಿಗೆ ಚೀಟಿ ಎತ್ತಿ ಹತ್ತು ದಿನಗಳಲ್ಲಿ ನಾಲ್ಕು ದಿನ 11, ಆರು ದಿನ 10 ತೆಗೆದುಕೊಂಡರೆ ಒಟ್ಟು 104, ಲೆಕ್ಕ ಸರಿ. ಒಂದೊಂದು ದಿನದ ಲೆಕ್ಕ ತಪ್ಪಿದ್ದರೂ ಒಟ್ಟು ನಿಜ. ಡಿದರ್ ಮಾಡುವುದೂ ಇದನ್ನೇ. ಮೆಟ್ಟಿಲಿಗಿಂತ ಚಿಕ್ಕ ಸ್ವರವೂ ಉಳಿಯುತ್ತದೆ, ಹಿಂದೆ ಸಣ್ಣ ಹಿಸ್ ಸದ್ದು ಇರುತ್ತದೆ ಅಷ್ಟೇ. ಅಮೆರಿಕದ ಲ್ಯಾರಿ ರಾಬರ್ಟ್ಸ್ 1960ರ ದಶಕದ ಆರಂಭದಲ್ಲಿ ಚಿತ್ರಗಳಿಗೆ ಇಂಥ ಉಪಾಯ ಬಳಸಿದರು. ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಕಟ್ಟಿದವರಲ್ಲಿ ಅವರೂ ಪ್ರಮುಖರು. ಸಂಗೀತದಲ್ಲಿ ಇದನ್ನು ಖಚಿತವಾಗಿ ತೋರಿಸಿಕೊಟ್ಟವರು ಕೆನಡಾದ ವ್ಯಾಂಡರ್‌ಕೂಯ್ ಮತ್ತು ಲಿಪ್‌ಶಿಟ್ಸ್, 1984ರಲ್ಲಿ. ಇಂದು ಮಾಸ್ಟರಿಂಗ್ ಮಾಡುವವರು 24 ಬಿಟ್‌ನಿಂದ 16 ಬಿಟ್‌ಗೆ ಇಳಿಸುವಾಗ ಕೊನೆಯ ಹೆಜ್ಜೆಯಾಗಿ ಡಿದರ್ ಹಾಕುತ್ತಾರೆ.

ಮೂರನೆಯದು ಗಡಿಯಾರ. ಅಳತೆಗಳ ನಡುವಿನ ಸಮಯ ಒಂದೇ ಸಮ ಇರಬೇಕು. 20,000 ಹರ್ಟ್ಸ್‌ನ ಪೂರ್ಣ ಸದ್ದನ್ನು 16 ಬಿಟ್‌ನಲ್ಲಿ ಅಳೆಯುವಾಗ ಸುಮಾರು 240 ಪಿಕೋಸೆಕೆಂಡ್ ಆಚೀಚೆಯಾದರೂ ಒಂದು ಮೆಟ್ಟಿಲಿನ ತಪ್ಪು ಬರಬಹುದು. ಪಿಕೋಸೆಕೆಂಡ್ ಎಂದರೆ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಗಡಿಯಾರದ ಈ ನಡುಕಕ್ಕೆ ಜಿಟರ್ ಎನ್ನುತ್ತಾರೆ. ಇದೂ ಕಾಲಕ್ರಮದಲ್ಲಿ ಸುಧಾರಿಸಿತು.

ಹೀಗೆ ನೋಡಿದರೆ ತಪ್ಪು "ಡಿಜಿಟಲ್" ಎಂಬ ವಿಚಾರದ್ದಾಗಿರಲಿಲ್ಲ, ಅದನ್ನು ಮಾಡಿದ ರೀತಿಯದ್ದಾಗಿತ್ತು. ದೂರಿದವರ ಕಿವಿಯನ್ನು ನಂಬಿ, ಕಾರಣ ಹುಡುಕಿ, ಒಂದೊಂದಾಗಿ ಸರಿಪಡಿಸಿದ ಇಂಜಿನಿಯರರಿಂದ ಧ್ವನಿ ಸುಧಾರಿಸಿತು.

ಜೋರಿನ ಪೈಪೋಟಿ

ಯಂತ್ರ ಸುಧಾರಿಸಿದ ಮೇಲೆ ಮನುಷ್ಯರ ಆಸೆ ಅಡ್ಡಬಂತು. ಅಂಕಿಗೆ ಒಂದು ಮೇಲ್ಮಿತಿ ಇದೆ. ಅದನ್ನು ದಾಟಿದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಟೇಪು ಮೇಲ್ಮಿತಿಯ ಹತ್ತಿರ ಮೆಲ್ಲಗೆ ಬಾಗುತ್ತದೆ, ಕನ್ವರ್ಟರ್ ಬಾಗುವುದಿಲ್ಲ. ಆದರೂ 1990ರ ದಶಕದಿಂದ ಕೆಲವು ಮಾಸ್ಟರಿಂಗ್ ಸ್ಟುಡಿಯೋಗಳು ದುಬಾರಿ ಕನ್ವರ್ಟರ್‌ಗಳ ಒಳಬಾಗಿಲಿಗೆ ಬೇಕೆಂದೇ ಜಾಸ್ತಿ ಮಟ್ಟ ಕೊಟ್ಟು ಅಲೆಯ ತುದಿಗಳನ್ನು ಕತ್ತರಿಸಿದವು, ತಮ್ಮ ಹಾಡು ಪಕ್ಕದ ಹಾಡಿಗಿಂತ ಜೋರಾಗಿ ಕೇಳಲಿ ಎಂದು. 2008ರಲ್ಲಿ ಮೆಟಾಲಿಕಾ ತಂಡದ ಆಲ್ಬಮ್ ಒಂದು ಹೀಗೆ ಒಡೆದ ಧ್ವನಿಯಿಂದ ಅಭಿಮಾನಿಗಳ ಸಿಟ್ಟಿಗೆ ಗುರಿಯಾಯಿತು. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕಿವಿಗೆ ಕೇಳುವ ಜೋರನ್ನು ಅಳೆಯುವ ನಿಯಮ ತಂದಿತು. ಈಗ ಹಲವು ಸ್ಟ್ರೀಮಿಂಗ್ ಸೇವೆಗಳು ಅಂಥ ಅಳತೆಯಿಂದ ಜೋರು ಹಾಡನ್ನು ತಾವೇ ಇಳಿಸುತ್ತವೆ. ಪೈಪೋಟಿಯ ಲಾಭ ಹೋಯಿತು, ಕತ್ತರಿಸಿದ ತುದಿ ಮಾತ್ರ ಮರಳಿ ಬರಲಿಲ್ಲ.

ಕಿವಿ ಏನು ಹೇಳುತ್ತದೆ?

ಹಾಗಾದರೆ ದುಬಾರಿ ಪೆಟ್ಟಿಗೆ ಬೇಕೇ? 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಒಂದು ಪರೀಕ್ಷೆ ಪ್ರಕಟಿಸಿದರು. ಉತ್ತಮ ಗುಣಮಟ್ಟದ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ನಡುವೆ 16 ಬಿಟ್, 44,100ರ ಕನ್ವರ್ಟರ್ ಇಟ್ಟು ಕೇಳಿಸಿದರು. ಯಾವುದು ಯಾವುದೆಂದು ಹೇಳಲಿಲ್ಲ. 554 ಪ್ರಯತ್ನಗಳಲ್ಲಿ 276 ಸರಿಯಾದವು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಎಲ್‌ಪಿ ಕಂಪೆನಿಯ ಹಲವು ತಟ್ಟೆಗಳ ಮಾಸ್ಟರಿಂಗ್‌ನಲ್ಲಿ ಡಿಜಿಟಲ್ ಹಂತ ಇತ್ತೆಂದು ಹೊರಬಿತ್ತು. ಅಲ್ಲಿಯವರೆಗೆ ಅವು ಶುದ್ಧ ಅನಲಾಗ್ ಎಂದೇ ಹಲವರು ನಂಬಿ ಮೆಚ್ಚಿದ್ದರು. ಕಂಪೆನಿ ಮುಚ್ಚಿಟ್ಟದ್ದು ಸರಿಯಲ್ಲ, ಅದು ಬೇರೆ ಮಾತು. ಕಿವಿ ಮಾತ್ರ ಕನ್ವರ್ಟರ್ ಅನ್ನು ಪತ್ತೆ ಮಾಡಲಿಲ್ಲ.

ನಮ್ಮ ಪೆಟ್ಟಿಗೆ, ನಮ್ಮ ಕೈ

ಓದು ಮುಗಿಸಿದಾಗ ನಮಗೆ ಉತ್ತರ ಸಿಕ್ಕಿತ್ತು. ಪೆಟ್ಟಿಗೆಯ ತಪ್ಪೂ ಇರಲಿಲ್ಲ, ಡಿಜಿಟಲ್‌ನ ತಪ್ಪೂ ಇರಲಿಲ್ಲ. ಜೋರಾಗಿ ಬರಲಿ ಎಂಬ ಆಸೆಯಿಂದ ಗುಂಡಿ ತಿರುಗಿಸಿದ ಕೈ ನಮ್ಮದು. ನಮ್ಮ ಪೆಟ್ಟಿಗೆಯ 24 ಬಿಟ್‌ನಲ್ಲಿ 1 ಕೋಟಿ 67 ಲಕ್ಷ ಮೆಟ್ಟಿಲುಗಳಿವೆ. ಕ್ಯಾಸೆಟ್‌ನ ಹಿಸ್ ಸದ್ದೇ ಅದರ ಎಷ್ಟೋ ಮೇಲೆ ನಿಲ್ಲುತ್ತದೆ. ಅಷ್ಟು ಜಾಗ ಇರುವಾಗ ಮೇಲ್ಮಿತಿಗೆ ತಾಗಿಸುವ ಅಗತ್ಯವೇ ಇರಲಿಲ್ಲ. ಕಡಿಮೆ ಮಟ್ಟದಲ್ಲಿ ತೆಗೆದದ್ದನ್ನು ಆಮೇಲೆ ಎತ್ತಬಹುದು. ಒಡೆದದ್ದನ್ನು ಪೂರ್ತಿ ಜೋಡಿಸಲು ಬರುವುದಿಲ್ಲ.

ಉಳಿದ ಕ್ಯಾಸೆಟ್‌ಗಳಿಗೆ ನಾವೀಗ ಹೀಗೆ ಮಾಡುತ್ತಿದ್ದೇವೆ. ಮೊದಲು ಮುಖ್ಯವಲ್ಲದ ಬೇರೊಂದು ಕ್ಯಾಸೆಟ್ ಹಾಕಿ ಪ್ಲೇಯರ್ ಸರಿಯಿದೆಯೇ ನೋಡುತ್ತೇವೆ. ಹೆಡ್ ಒರೆಸುತ್ತೇವೆ. ಮೀಟರಿನ ಅತಿ ಎತ್ತರದ ಸ್ವರವೂ ಮೇಲ್ಮಿತಿಗಿಂತ 10 ಡೆಸಿಬೆಲ್‌ನಷ್ಟು ಕೆಳಗೇ ಇರುವಂತೆ ಇಡುತ್ತೇವೆ. 24 ಬಿಟ್‌ನಲ್ಲಿ ತೆಗೆದ ಮೂಲವನ್ನು ಮುಟ್ಟದೆ ಎರಡು ಕಡೆ ಇಡುತ್ತೇವೆ. ಸ್ವಚ್ಛ ಮಾಡುವುದು, ಎತ್ತುವುದು ಎಲ್ಲ ಪ್ರತಿಯ ಮೇಲೆ ಮಾತ್ರ. ಹೊಸ ಪೆಟ್ಟಿಗೆಗೆಂದು ಕೂಡಿಸಿಟ್ಟ ಹಣದಲ್ಲಿ ಒಂದು ಒಳ್ಳೆಯ ಕ್ಯಾಸೆಟ್ ಪ್ಲೇಯರ್ ರಿಪೇರಿ ಮಾಡಿಸಬೇಕೆಂದಿದ್ದೇವೆ.

ತುಂಡಾದ ಆ ಹಾಡನ್ನು ನಾವು ಅಳಿಸಿಲ್ಲ. ಎತ್ತರದ ಸ್ವರಗಳಲ್ಲಿ ಒಡೆದಿದೆ, ಆದರೆ ನಡುವಿನ ಚರಣದಲ್ಲಿ ಮೆಲ್ಲಗೆ ಹಾಡುವಲ್ಲಿ ಧ್ವನಿ ಶುದ್ಧವಾಗಿಯೇ ಇದೆ. ಹಾಡಿದವರ ಮನೆಯವರು ಬಂದು ಕೇಳಿದರು, ಆ ಚರಣವನ್ನೇ ಎರಡು ಸಲ ಹಾಕಿಸಿಕೊಂಡರು. ನಾವು ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದೆವು.

ನಿಮ್ಮ ಮನೆಯ ಕಪಾಟಿನಲ್ಲೂ ಹಬ್ಬದ, ಮದುವೆಯ, ಗಾನವೃಂದದ ಹಳೆಯ ಕ್ಯಾಸೆಟ್ ಇರಬಹುದು. ದಯವಿಟ್ಟು ನೀವೇ ಪ್ಲೇಯರಿಗೆ ಹಾಕಿ ನೋಡಬೇಡಿ. ಭಾನುವಾರ ಬಲಿಪೂಜೆಯ ಬಳಿಕ ನಮ್ಮ ಕೈಗೆ ಕೊಡಿ. ಈ ಸಲ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತೇವೆ.