ಹದಿನಾಲ್ಕು ಸಾಲುಗಳ ಮೊರೆ



ನಮ್ಮವರನ್ನು ಕಳೆದುಕೊಂಡಾಗ ದೇವರಿಗೇ ದೂರು ಹೇಳಬಹುದೇ? ಹೇಳಿದರೆ ವಿಶ್ವಾಸ ಕುಂದಿತೆಂದು ಅರ್ಥವೇ? ಯೇಸುಸಭೆಯ ಗುರುವೂ ಕವಿಯೂ ಆಗಿದ್ದ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಅವರ ಬಾಳು ಇದಕ್ಕೆ ಉತ್ತರ ಕೊಡುತ್ತದೆ.

1844ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಕುಟುಂಬದಲ್ಲಿ ಹುಟ್ಟಿದ ಅವರನ್ನು 1866ರಲ್ಲಿ ಕಥೋಲಿಕ ಧರ್ಮಸಭೆಗೆ ಬರಮಾಡಿಕೊಂಡವರು ಸಂತ ಜಾನ್ ಹೆನ್ರಿ ನ್ಯೂಮನ್. 1868ರಲ್ಲಿ ಯೇಸುಸಭೆ ಸೇರುವಾಗ ಅವರು ತಮ್ಮ ಕವಿತೆಗಳನ್ನು ಸುಟ್ಟುಬಿಟ್ಟರು. 1875ರಲ್ಲಿ ಹಡಗೊಂದು ಒಡೆದು ಐವರು ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರು ತೀರಿಕೊಂಡಾಗ ಮತ್ತೆ ಲೇಖನಿ ಹಿಡಿದರು. 1877ರಲ್ಲಿ ಗುರುದೀಕ್ಷೆ ಪಡೆದರು.

ಅವರಿಗೆ ಒಲಿದ ರೂಪ ಸಾನೆಟ್. ಕನ್ನಡದಲ್ಲಿ ಅದನ್ನು ಸುನೀತ ಎನ್ನುತ್ತೇವೆ. ಇಟಲಿಯಲ್ಲಿ ಹುಟ್ಟಿದ ಈ ರೂಪಕ್ಕೆ ಹದಿನಾಲ್ಕು ಸಾಲು. ಮೊದಲ ಎಂಟರಲ್ಲಿ ವಿಷಯ ಏಳುತ್ತದೆ, ಉಳಿದ ಆರರಲ್ಲಿ ಅದು ತಿರುವು ಪಡೆಯುತ್ತದೆ.

1880ರಲ್ಲಿ ಲಿವರ್‌ಪೂಲಿನಲ್ಲಿ ಹಾಪ್ಕಿನ್ಸ್ ಅವರ ಆರೈಕೆಯಲ್ಲಿದ್ದ, ಕುದುರೆಗಳಿಗೆ ಲಾಳ ಕಟ್ಟುವ ಬಲಶಾಲಿಯೊಬ್ಬ 31ನೇ ವಯಸ್ಸಿಗೇ ತೀರಿಕೊಂಡ. ಅವನನ್ನು ನೆನೆದು ಬರೆದ ಸುನೀತದಲ್ಲಿ ಗುರುವು ರೋಗಿಯನ್ನು ಸಂತೈಸುತ್ತಾರೆ, ರೋಗಿಯ ಕಣ್ಣೀರು ಗುರುವಿನ ಮನಸ್ಸನ್ನೂ ಕರಗಿಸುತ್ತದೆ.

1884ರಲ್ಲಿ ಡಬ್ಲಿನ್‌ಗೆ ಗ್ರೀಕ್ ಪ್ರಾಧ್ಯಾಪಕರಾಗಿ ಹೋದರು. ಮನೆಯವರಿಂದ ದೂರ, ಕುಂದಿದ ಆರೋಗ್ಯ, ಮುಗಿಯದ ಪರೀಕ್ಷಾ ಕಾಗದಗಳು. 1885ರ ಸುಮಾರಿಗೆ ಬರೆದ ಸುನೀತಗಳಲ್ಲಿ ತಿರುವು ಬಂದರೂ ಸುಲಭದ ಸಾಂತ್ವನ ಬರುವುದಿಲ್ಲ. ಆದರೂ ಅವರು ಪ್ರಾರ್ಥನೆಯನ್ನು ಬಿಡಲಿಲ್ಲ. 1889ರಲ್ಲಿ, ತಮ್ಮ ಕೊನೆಯ ತಿಂಗಳುಗಳಲ್ಲಿ, ಪ್ರವಾದಿ ಯೆರೆಮೀಯನ ಹನ್ನೆರಡನೇ ಅಧ್ಯಾಯದ ದೂರನ್ನೇ ಎತ್ತಿಕೊಂಡು ಪ್ರಭುವನ್ನು ನೇರವಾಗಿ ಕೇಳಿದರು.

ಒಂದು ಸಂಗತಿ ಗಮನಿಸಿ. ಸೃಷ್ಟಿಯನ್ನು ಕೊಂಡಾಡುವಾಗ ಅವರು ಸುನೀತವನ್ನು ಹತ್ತೂವರೆ ಸಾಲಿಗೆ ಇಳಿಸಿದ್ದುಂಟು. 1888ರಲ್ಲಿ ಪುನರುತ್ಥಾನದ ಸಾಂತ್ವನವನ್ನು ಹಾಡುವಾಗ ಅದು ಹದಿನಾಲ್ಕನ್ನು ಮೀರಿ ಬೆಳೆಯಿತು. ಅಳುವಿಗೆ ಒಂದು ದಡ ಬೇಕು, ಭರವಸೆಗೆ ದಡ ಸಾಲದು!

1889ರ ಜೂನ್ 8ರಂದು, 44ನೇ ವಯಸ್ಸಿನಲ್ಲಿ, ವಿಷಮಶೀತ ಜ್ವರದಿಂದ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಗೆಳೆಯ ರಾಬರ್ಟ್ ಬ್ರಿಜಸ್ ಅವರ ಕವಿತೆಗಳನ್ನು ಪುಸ್ತಕವಾಗಿ ತಂದದ್ದು 1918ರಲ್ಲಿ.

ನವೆಂಬರ್ 2ರಂದು ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುವಾಗ 'ಯಾಕೆ ಪ್ರಭುವೇ?' ಎಂಬ ಮಾತು ಬಾಯಿಗೆ ಬಂದರೆ ಅಂಜಬೇಡಿ. ಶಿಲುಬೆಯ ಮೇಲೆ ನಮ್ಮ ಪ್ರಭುವೂ ಹಾಗೆಯೇ ಕೇಳಿದರು. ಕೇಳಿದ್ದು ತಂದೆಯನ್ನೇ. ನಾವೂ ಅವರನ್ನೇ ಕೇಳೋಣ.