ಆ ಡಿಗ್ರಿ ನಡೆಯುತ್ತದೇನೇ?

ಹನ್ನೆರಡನೆಯ ತರಗತಿ ಮುಗಿಸಿದ ಮಗಳು, “ದೂರಶಿಕ್ಷಣದಲ್ಲಿ ಬಿ.ಎ. ಮಾಡ್ತೀನಮ್ಮ, ಜೊತೆಗೆ ಕೆಲಸಾನೂ ನೋಡ್ಕೋತೀನಿ” ಎಂದರೆ ನಾವು ತಾಯಂದಿರು ಮೊದಲು ಕೇಳುವುದು, “ಆ ಡಿಗ್ರಿ ನಡೆಯುತ್ತದೇನೇ?” ನಮ್ಮ ಪುಣೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷ ದಾಟಿದೆ.

1896ರಲ್ಲಿ ವಿಧವೆಯರಿಗಾಗಿ ಆಶ್ರಮ ಕಟ್ಟಿದ ಧೋಂಡೋ ಕೇಶವ ಕರ್ವೆಯವರು 1916ರಲ್ಲಿ ಇಲ್ಲೇ ಮಹಿಳಾ ವಿಶ್ವವಿದ್ಯಾಲಯ ತೆರೆದರು. ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಯಾರೋ ಕಳಿಸಿದ ಕಿರುಪುಸ್ತಿಕೆಯೊಂದು ಅದಕ್ಕೆ ಪ್ರೇರಣೆ. ಆರಂಭದಲ್ಲಿ ಕಾಲೇಜಿಗೆ ಬಂದವರು ಐದೇ ಮಂದಿ! ಪಾಠ ಮಾತೃಭಾಷೆಯಲ್ಲಿ. ಕಾಲೇಜಿಗೆ ಬರಲಾಗದ ಹೆಂಗಸರು ಮನೆಯಲ್ಲೇ ಓದಿಕೊಂಡು ಖಾಸಗಿಯಾಗಿ ಪರೀಕ್ಷೆಗೆ ಕೂರುವ ಅವಕಾಶವೂ ಇತ್ತು. ಸಣ್ಣ ವಯಸ್ಸಿಗೇ ಮದುವೆಯಾಗುತ್ತಿದ್ದ ಕಾಲದಲ್ಲಿ ಇದೇನು ಸಣ್ಣ ಸೌಲಭ್ಯವೇ? 1920ರಲ್ಲಿ ವಿಠ್ಠಲದಾಸ್ ಠಾಕರ್ಸಿಯವರು 15 ಲಕ್ಷ ರೂಪಾಯಿ ಕೊಟ್ಟರು. ಅವರ ತಾಯಿಯ ಹೆಸರೇ ಎಸ್‌ಎನ್‌ಡಿಟಿ ಆಯಿತು. ಹಣ ಬಂದರೂ ಸರ್ಕಾರದ ಮಾನ್ಯತೆ ಬರಲಿಲ್ಲ. ಅದು ದೊರೆತದ್ದು ಸ್ವಾತಂತ್ರ್ಯ ಬಂದ ಮೇಲೆ. ಅಲ್ಲಿಯವರೆಗೆ ಓದಿದವರೆಲ್ಲ “ನಡೆಯುತ್ತದೋ ಇಲ್ಲವೋ” ಎಂಬ ಪದವಿಗಾಗಿಯೇ ಓದಿದರು.

ಮುಂದೆ 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆಯಲ್ಲಿ ಪಾಠ ಕಳಿಸತೊಡಗಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಆರಂಭಿಸಿತು. ಮದುವೆಯಾಗಿ ಊರು ಬಿಟ್ಟವರಿಗೂ ಕನ್ನಡದಲ್ಲಿ ಬಿ.ಎ. ಓದುವ ದಾರಿ ತೆರೆಯಿತು. ಅದೇ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಷ್ಟರಲ್ಲಿ ಇಗ್ನೋ (1985), ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿದ್ಯಾಪೀಠ (1989) ಬಂದಿದ್ದವು.

ಆದರೆ ತಾಯಂದಿರ ಅನುಮಾನ ಸುಳ್ಳೆನ್ನುವಂತಿಲ್ಲ. ರಾಜ್ಯದ ಹೊರಗೂ ಕೋರ್ಸು ನಡೆಸಿದ್ದೇ ಮೊದಲಾದ ಕಾರಣಗಳಿಗಾಗಿ ಕರ್ನಾಟಕದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ ತಡೆಹಿಡಿಯಿತು. ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಲುಕಿದವರ ಸಂಕಟ ಬೇರೆ ಹೇಳಬೇಕಿಲ್ಲ. ಹೊರರಾಜ್ಯದಲ್ಲಿರುವ ನಾವು ಕನ್ನಡದ ಆಸೆಗೆ ಹೆಸರು ಕೊಡುವ ಮೊದಲು ನೋಡಬೇಕಾದದ್ದು ಇದನ್ನೇ.

2022ರಲ್ಲಿ ಯುಜಿಸಿ, ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಪದವಿ ಕಾಲೇಜಿನ ಪದವಿಗೆ ಸಮಾನ ಎಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಹಾಗಾಗಿ ಮಗಳು ಕೇಳಿದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿ ತೆರೆದು, ಆ ಸಂಸ್ಥೆ, ಆ ಕೋರ್ಸು, ಈ ವರ್ಷ ಮೂರನ್ನೂ ಅವಳ ಜೊತೆ ಕೂತು ನೋಡಿ. ಪರೀಕ್ಷಾ ಕೇಂದ್ರ ಪುಣೆಯಲ್ಲಿದೆಯೇ ಎಂಬುದನ್ನೂ.