ಘಟಸರ್ಪದೊಡನೆ ಒಡಂಬಡಿಕೆ

ಇಂಗ್ಲಿಷಿನಲ್ಲಿ ‘ಡ್ರಾಗನ್’ ಎಂದು ಕರೆಯುವ ಪ್ರಾಣಿಗೆ ನಮ್ಮ ನುಡಿಯಲ್ಲಿ ಹುಟ್ಟುಹೆಸರಿಲ್ಲ. ಬೈಬಲ್ಲನ್ನು ಕನ್ನಡಕ್ಕೆ ತಂದವರು ಅದರ ಕೊನೆಯ ಪುಸ್ತಕದಲ್ಲಿ ಬರುವ ಏಳು ತಲೆಯ ಕೆಂಪು ಡ್ರಾಗನ್ನಿಗೆ ‘ಘಟಸರ್ಪ’ವೆಂದು ಹೆಸರಿಟ್ಟರು. ಅದು ಸೈತಾನನ ರೂಪ. ದೇವದೂತರೊಡನೆ ಯುದ್ಧಮಾಡಿ ಸೋತು ಸ್ವರ್ಗದಿಂದ ತಳ್ಳಲ್ಪಟ್ಟದ್ದು. ಇದಕ್ಕೆ ಎಷ್ಟೋ ಶತಮಾನಗಳ ಮೊದಲು, ನಮ್ಮ ದೇಶದ ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಿರುಗಿಸುತ್ತಿದ್ದ ಪಂಡಿತರಿಗೆ ಇದೇ ತೊಡಕು ಎದುರುದಿಕ್ಕಿನಿಂದ ಬಂದಿತ್ತು. ‘ನಾಗ’ ಎಂಬ ಮಾತಿಗೆ ಏನು ಮಾಡಬೇಕು? ಅವರು ತಮ್ಮಲ್ಲಿ ಹಿಂದಿನಿಂದಲೂ ಇದ್ದ ‘ಲುಂಗ್’ ಎಂಬ ಮಳೆಯ ಪ್ರಾಣಿಯನ್ನು ಆ ಸ್ಥಾನಕ್ಕೆ ತಂದು ಕೂರಿಸಿದರು. ಹೀಗೆ ನಮ್ಮ ನಾಗರಾಜ ಅಲ್ಲಿ ‘ಲುಂಗ್ ವಾಂಗ್’, ಅಂದರೆ ಡ್ರಾಗನ್ನುಗಳ ಅರಸನಾದ. ಒಂದು ಅನುವಾದದಲ್ಲಿ ಅದು ಹಗೆ, ಇನ್ನೊಂದರಲ್ಲಿ ನೆರೆಯವನು. ಪ್ರಾಣಿ ಒಂದೇ ಇದ್ದೀತು. ಅದರೊಡನೆ ಮನುಷ್ಯನಿಗಿರುವ ನಂಟು ಬೇರೆ.

ಕಲ್ಪಿತ ಲೋಕಗಳಲ್ಲಿ ಮನುಷ್ಯರ ಜೊತೆಗೆ ಬಾಳುವ ಘಟಸರ್ಪಗಳಲ್ಲಿ ಎಷ್ಟು ಬಗೆ ಎಂಬುದು ಇಂದಿನ ನನ್ನ ವಿಷಯ. ಬಗೆಗಳನ್ನು ಎಣಿಸುವವರು ಸಾಮಾನ್ಯವಾಗಿ ರೆಕ್ಕೆ, ಕಾಲು, ಬಣ್ಣ, ಬೆಂಕಿ ಇವುಗಳನ್ನು ನೋಡಿ ಎಣಿಸುತ್ತಾರೆ. ನಾನು ಬೇರೊಂದು ಅಳತೆಗೋಲನ್ನು ಹಿಡಿಯುತ್ತೇನೆ. ಈ ಕಥೆಗಳಲ್ಲೆಲ್ಲ ಮನುಷ್ಯನಿಗೂ ಆ ದೊಡ್ಡ ಪ್ರಾಣಿಗೂ ನಡುವೆ ಬರೆದೋ ಬರೆಯದೆಯೋ ಒಂದು ಒಡಂಬಡಿಕೆ ಇರುತ್ತದೆ. ಅದು ಯಾವ ಒಡಂಬಡಿಕೆ, ಅದನ್ನು ಮೊದಲು ಮುರಿದವರು ಯಾರು ಎಂದು ಕೇಳಿದರೆ ಬಗೆಗಳು ತಾವಾಗಿಯೇ ಬೇರ್ಪಡುತ್ತವೆ.

ಮೊದಲನೆಯದು ನಿಧಿ ಕಾಯುವ ಬಗೆ. ನಮ್ಮ ಹಳ್ಳಿಗಳಲ್ಲಿ ಹುದುಗಿಟ್ಟ ಹೊನ್ನಿನ ಮೇಲೆ ಸರ್ಪ ಕುಳಿತಿರುತ್ತದೆಂಬ ನಂಬಿಕೆಯನ್ನು ಕೇಳಿದವರಿಗೆ ಇದು ಅಪರಿಚಿತವಲ್ಲ. ‘ಬೇವುಲ್ಫ್’ ಎಂಬುದು ಹಳೆಯ ಇಂಗ್ಲಿಷಿನ ವೀರಕಾವ್ಯ. ಮೂರು ಸಾವಿರಕ್ಕೂ ಹೆಚ್ಚು ಸಾಲುಗಳ ಈ ಕಾವ್ಯ ಉಳಿದು ಬಂದಿರುವುದು ಸುಮಾರು ಸಾವಿರ ವರ್ಷ ಹಿಂದಿನ ಒಂದೇ ಒಂದು ಹಸ್ತಪ್ರತಿಯಲ್ಲಿ. ಅದರ ಕೊನೆಯ ಭಾಗದಲ್ಲಿ, ನಾಶವಾಗಿ ಹೋದ ಒಂದು ಕುಲದ ಐಶ್ವರ್ಯವನ್ನು ಘಟಸರ್ಪವೊಂದು ದಿಬ್ಬದೊಳಗೆ ಕಾಯುತ್ತ ಮಲಗಿದೆ. ಮುನ್ನೂರು ವರ್ಷ ಅದು ಯಾರ ತಂಟೆಗೂ ಹೋಗಲಿಲ್ಲ. ಒಡೆಯನ ಹೊಡೆತಕ್ಕೆ ಹೆದರಿ ಓಡಿಬಂದ ಆಳೊಬ್ಬ ಒಳಹೊಕ್ಕು ಒಂದು ಬಟ್ಟಲನ್ನು ಕದ್ದ. ಅದನ್ನು ಕೊಟ್ಟು ಒಡೆಯನ ಕೋಪವನ್ನು ಇಳಿಸಬಹುದೆಂಬ ಆಸೆ ಅವನದು. ಎಚ್ಚೆತ್ತ ಸರ್ಪ ಊರಿಗೆ ಊರನ್ನೇ ಸುಟ್ಟಿತು. ಐವತ್ತು ವರ್ಷ ಆಳಿದ ಮುದಿ ದೊರೆ ಬೇವುಲ್ಫ್ ಅದನ್ನು ಕೊಂದು ತಾನೂ ಸತ್ತ. ಗೆದ್ದು ತಂದ ಹೊನ್ನು ಮತ್ತೆ ಮಣ್ಣಿಗೇ ಸೇರಿತು.

ಈ ಕಾವ್ಯವನ್ನು ಚರಿತ್ರೆಯ ದಾಖಲೆಯೆಂದು ಅಗೆಯುತ್ತಿದ್ದ ವಿದ್ವಾಂಸರಿಗೆ, ಅದರ ರಾಕ್ಷಸರೂ ಘಟಸರ್ಪವೂ ಕಾವ್ಯದ ತಿರುಳೇ ಹೊರತು ಅಲಂಕಾರವಲ್ಲವೆಂದು ೧೯೩೬ರ ಒಂದು ಉಪನ್ಯಾಸದಲ್ಲಿ ತಿಳಿಹೇಳಿದವರು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕೀನ್. ಮರುವರ್ಷ, ೧೯೩೭ರಲ್ಲಿ, ಮಕ್ಕಳಿಗೆಂದು ಅವರು ಪ್ರಕಟಿಸಿದ ‘ದಿ ಹಾಬಿಟ್’ ಕಥೆಯಲ್ಲಿ ಸ್ಮಾಗ್ ಎಂಬ ಘಟಸರ್ಪ ಬಂತು. ಅದನ್ನೂ ಕೆರಳಿಸಿದ್ದು ಕದ್ದ ಒಂದು ಬಟ್ಟಲು. ಆ ಸಿಟ್ಟಿಗೆ ಉರಿದುಹೋದದ್ದು ಕದ್ದವರ ಮನೆಯಲ್ಲ, ಸರೋವರದ ಮೇಲೆ ಕಟ್ಟಿಕೊಂಡಿದ್ದ ಪಕ್ಕದ ಪಟ್ಟಣ. ಸ್ಮಾಗ್ ಸಾಧುವೇನಲ್ಲ, ಆ ನಿಧಿಯೂ ಅದು ದೋಚಿದ್ದೇ. ಆದರೂ ಮಲಗಿದ್ದುದನ್ನು ಎಬ್ಬಿಸಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು ಎಂಬ ಹಳೆಯ ಕವಿಯ ಮಾತನ್ನು ಟೋಲ್ಕೀನ್ ಮರೆತಿರಲಿಲ್ಲ. ಈ ಬಗೆಯಲ್ಲಿ ಒಡಂಬಡಿಕೆ ಬಹಳ ಸರಳ: ನೀನು ನನ್ನನ್ನು ಮುಟ್ಟಬೇಡ, ನಾನು ನಿನ್ನನ್ನು ಮುಟ್ಟುವುದಿಲ್ಲ.

ಎರಡನೆಯದು ಅಧಿಕಾರಿಯ ಬಗೆ. ಚೀನಾದ ಡ್ರಾಗನ್ ಅರಸರು ಸಮುದ್ರ, ನದಿ, ಕೆರೆ, ಬಾವಿಗಳಲ್ಲಿ ವಾಸಿಸುತ್ತಾರೆ. ಮೇಲಿನವರ ಅಪ್ಪಣೆಯಂತೆ ಮಳೆ ಸುರಿಸುತ್ತಾರೆ. ಹದಿನಾರನೆಯ ಶತಮಾನದ ‘ಪಶ್ಚಿಮಯಾತ್ರೆ’ ಎಂಬ ಚೀನೀ ಕಾದಂಬರಿಯಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ರಾಜಧಾನಿಯ ಜೋಯಿಸನೊಬ್ಬ ಬೆಸ್ತನೊಬ್ಬನಿಗೆ ಬಲೆ ಎಲ್ಲಿ ಬೀಸಬೇಕೆಂದು ದಿನವೂ ತಪ್ಪದೆ ಹೇಳಿಕೊಡುತ್ತಿರುತ್ತಾನೆ. ತನ್ನ ನದಿಯ ಮೀನುಗಳೆಲ್ಲ ಮುಗಿದಾವೆಂದು ಹೆದರಿದ ಡ್ರಾಗನ್ ಅರಸ ಮಾರುವೇಷದಲ್ಲಿ ಬಂದು, ನಾಳೆಯ ಮಳೆ ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಎಂದು ಜೋಯಿಸನೊಡನೆ ಪಂಥ ಕಟ್ಟುತ್ತಾನೆ. ಮನೆಗೆ ಮರಳಿದರೆ ಸ್ವರ್ಗದ ಆಜ್ಞೆ ಬಂದಿದೆ. ಜೋಯಿಸ ಹೇಳಿದ ಹೊತ್ತು, ಹೇಳಿದ ಅಳತೆ! ಪಂಥ ಗೆಲ್ಲುವ ಹಟಕ್ಕೆ ಅರಸ ಹೊತ್ತನ್ನು ತಪ್ಪಿಸಿ ಮಳೆಯನ್ನು ಒಂದಿಷ್ಟು ಕಡಿಮೆ ಸುರಿಸುತ್ತಾನೆ. ಅಷ್ಟಕ್ಕೆ ಅವನಿಗೆ ಮರಣದಂಡನೆ. ಚಕ್ರವರ್ತಿಯೇ ಅಭಯವಿತ್ತರೂ ತಲೆ ಉಳಿಯಲಿಲ್ಲ. ಚಕ್ರವರ್ತಿಯ ಎದುರಿಗೆ ಪಗಡೆಯಂಥ ಆಟಕ್ಕೆ ಕುಳಿತಿದ್ದ ಮಂತ್ರಿ ತೂಕಡಿಸಿದ. ಆ ಕನಸಿನಲ್ಲಿಯೇ ಹೋಗಿ ಅವನ ಶಿರಚ್ಛೇದ ಮಾಡಿ ಬಂದ.

ಇದು ಯುರೋಪಿನ ಕಥೆಗಳಿಗೆ ತೀರ ಅಪರಿಚಿತವಾದ ಭಾವನೆ. ಇಲ್ಲಿ ಡ್ರಾಗನ್ನಿಗೂ ಕಾಯಿದೆಯುಂಟು, ಲೆಕ್ಕ ಒಪ್ಪಿಸುವ ಹೊಣೆಯುಂಟು. ಜನರೂ ಅದನ್ನು ಹಾಗೆಯೇ ನಡೆಸಿಕೊಂಡರು. ಮಳೆ ಬಂದರೆ ಪೂಜೆ. ಬಾರದಿದ್ದರೆ ಅರಸನ ವಿಗ್ರಹವನ್ನು ಗುಡಿಯಿಂದ ಹೊರತಂದು, ಬಿಸಿಲಿನ ಬೇಗೆ ಏನೆಂದು ಅವನಿಗೂ ಗೊತ್ತಾಗಲೆಂದು ಬಯಲಿನಲ್ಲಿಡುವ ವಾಡಿಕೆ ಎಷ್ಟೋ ಊರುಗಳಲ್ಲಿತ್ತು. ಭಕ್ತಿಯಿರುವ ಕಡೆ ಜಗಳಕ್ಕೂ ಸಲಿಗೆಯಿರುತ್ತದೆ. ಒಡಂಬಡಿಕೆ ಮುರಿದವನು ದೇವರೇ ಆದರೂ ಕೇಳುವ ಹಕ್ಕನ್ನು ಆ ರೈತರು ಬಿಟ್ಟುಕೊಡಲಿಲ್ಲ.

ಮೂರನೆಯದು ಒಡನಾಡಿಯ ಬಗೆ. ಇದು ಈಚಿನದು. ೧೮೯೮ರಲ್ಲಿ ಕೆನೆತ್ ಗ್ರಹಾಂ ಬರೆದ ಒಂದು ಕಥೆಯಲ್ಲಿ, ಕವಿತೆ ಕಟ್ಟುತ್ತ ಗುಡ್ಡದ ಮೇಲೆ ಸುಮ್ಮನಿರುವ ಡ್ರಾಗನ್ನನ್ನು ಕುರುಬರ ಹುಡುಗನೊಬ್ಬ ಸ್ನೇಹಮಾಡಿಕೊಳ್ಳುತ್ತಾನೆ. ಊರವರಿಗೆ ಮಾತ್ರ ಕಾಳಗ ನೋಡಲೇಬೇಕು. ಕೊನೆಗೆ ಹುಡುಗ, ಸಂತ ಜಾರ್ಜ್, ಡ್ರಾಗನ್ ಮೂವರೂ ಕುಳಿತು, ಯಾರಿಗೂ ನೋವಾಗದಂತೆ ಸುಳ್ಳು ಕಾಳಗ ಆಡುವುದೆಂದು ಗೊತ್ತುಮಾಡಿಕೊಳ್ಳುತ್ತಾರೆ. ಕೊಲ್ಲುವ ಕಥೆಯೊಳಗೇ ಕೂಡಿ ಬಾಳುವ ಕಥೆ ಹೀಗೆ ನಗುತ್ತ ಕಾಲಿಟ್ಟಿತು.

ಅದನ್ನು ಒಂದು ಇಡೀ ಲೋಕವಾಗಿ ಬೆಳೆಸಿದವರು ಆನ್ ಮೆಕ್ಯಾಫ್ರಿ. ಅಮೆರಿಕದಲ್ಲಿ ಹುಟ್ಟಿ, ೧೯೭೦ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿ, ೨೦೧೧ರಲ್ಲಿ ತೀರಿಕೊಂಡ ಈಕೆಯ ‘ಡ್ರಾಗನ್‌ಫ್ಲೈಟ್’ ಕಾದಂಬರಿ ೧೯೬೮ರಲ್ಲಿ ಪ್ರಕಟವಾಯಿತು. ಪರ್ನ್ ಎಂಬ ಗ್ರಹದ ಮೇಲೆ ಆಗಾಗ ಆಕಾಶದಿಂದ ಎಳೆಎಳೆಯಾಗಿ ಒಂದು ಪಿಡುಗು ಉದುರುತ್ತದೆ. ತಾಕಿದ ಹಸುರನ್ನೂ ಮೈಯನ್ನೂ ತಿಂದುಹಾಕುತ್ತದೆ. ಐವತ್ತು ವರ್ಷ ಉದುರಿದರೆ ಇನ್ನೂರು ವರ್ಷ ಬಿಡುವು. ಅದನ್ನು ಗಾಳಿಯಲ್ಲಿಯೇ ಸುಡಬಲ್ಲವು ಘಟಸರ್ಪಗಳು ಮಾತ್ರ. ಅವುಗಳಲ್ಲಿ ಐದು ಬಣ್ಣ. ಎಲ್ಲಕ್ಕೂ ದೊಡ್ಡದು ಹೊನ್ನಬಣ್ಣದ ರಾಣಿ. ಅದರ ಕೆಳಗೆ ಕಂಚು, ಕಂದು, ನೀಲಿ, ಎಲ್ಲಕ್ಕೂ ಚಿಕ್ಕದು ಹಸುರು. ಮೊಟ್ಟೆಯೊಡೆದ ಮರಿ ಎದುರು ನಿಂತ ಎಳೆಯರಲ್ಲಿ ಒಬ್ಬರನ್ನು ತಾನೇ ಆರಿಸಿಕೊಳ್ಳುತ್ತದೆ. ಅಂದಿನಿಂದ ಇಬ್ಬರ ಮನಸ್ಸೂ ಒಂದು. ಸವಾರ ಸತ್ತರೆ ಸರ್ಪವೂ ಬದುಕುವುದಿಲ್ಲ.

ಈ ಬಣ್ಣಗಳ ಏಣಿಯನ್ನು ಓದುವಾಗ ನನಗೆ ಕಸಿವಿಸಿಯಾದದ್ದುಂಟು. ಸರ್ಪದ ಬಣ್ಣ ಯಾವುದೋ ಸವಾರನ ಅಂತಸ್ತೂ ಅದೇ; ಹುಟ್ಟಿನಿಂದ ಬಂದ ಬಣ್ಣವನ್ನು ಬದಲಿಸುವಂತಿಲ್ಲ. ಇದರ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಗೆಗಳ ಪಟ್ಟಿ ಹುಟ್ಟುವುದು ಉಪಯೋಗದ ಲೆಕ್ಕದಿಂದ. ಯಾವುದು ಯಾವ ಕೆಲಸಕ್ಕೆ ಎಂದು ಕೇಳುವವನಿಗೇ ಪಟ್ಟಿ ಬೇಕು.

ಆದರೆ ಕಾದಂಬರಿಯ ಜೀವ ಬೇರೆಡೆಯಿದೆ. ಕಥೆ ಮೊದಲಾಗುವಾಗ ಪಿಡುಗು ಉದುರಿ ನಾನೂರು ವರ್ಷ ಕಳೆದಿದೆ. ಒಂದು ಸರದಿ ತಪ್ಪಿಹೋಗಿದೆ. ಸವಾರರ ಆರು ನೆಲೆಗಳಲ್ಲಿ ಐದು ಬರಿದಾಗಿವೆ. ನೆಲದ ಒಡೆಯರು ಸವಾರರಿಗೆ ಸಲ್ಲಿಸುತ್ತಿದ್ದ ದವಸದ ಕಾಣಿಕೆಯನ್ನು ನಿಲ್ಲಿಸಿದ್ದಾರೆ. ಕಲ್ಲುಹಾಸಿನ ನಡುವೆ ಹಸುರು ಬೆಳೆಯಬಾರದೆಂಬ ಹಿರಿಯರ ಕಟ್ಟಳೆಯನ್ನು ಕೈಬಿಟ್ಟಿದ್ದಾರೆ. ‘ಯಾವಾಗಲೋ ಬಂದೀತೆಂಬ ಗಂಡಾಂತರಕ್ಕೆ ಈ ದಂಡಪಿಂಡಗಳನ್ನು ಏಕೆ ಸಾಕಬೇಕು?’ ಎಂಬುದು ಅವರ ವಾದ. ಅದು ಮೂರ್ಖರ ವಾದವಲ್ಲ. ಕಣ್ಣಿಗೆ ಕಂಡ ಲೆಕ್ಕದಲ್ಲಿ ನ್ಯಾಯವಾದ ವಾದವೇ. ಕೆರೆಯ ಹೂಳೆತ್ತುವ ಖರ್ಚನ್ನು ಮಳೆ ಚೆನ್ನಾಗಿ ಆದ ವರ್ಷ ಉಳಿಸುವವನು ಇದನ್ನೇ ಹೇಳುತ್ತಾನೆ. ಅಪಾಯವಿದ್ದಾಗ ಒಡಂಬಡಿಕೆಯನ್ನು ನಡೆಸುವುದು ಕಷ್ಟವಲ್ಲ. ಅಪಾಯ ಮರೆತುಹೋದ ಮೇಲೆ ನಡೆಸುವುದು ಕಷ್ಟ.

ನಾಲ್ಕನೆಯದು ಬಿಡುಗಡೆಯ ಬಗೆ. ಅದೇ ೧೯೬೮ರಲ್ಲಿ ಉರ್ಸುಲಾ ಲೆ ಗ್ವಿನ್ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಎಂಬ ಕೃತಿಯನ್ನು ಪ್ರಕಟಿಸಿದರು. ಈ ದ್ವೀಪಲೋಕದ ಘಟಸರ್ಪಗಳಿಗೆ ಬಣ್ಣದ ಶ್ರೇಣಿಯಿಲ್ಲ, ಸವಾರರಿಲ್ಲ. ಒಂದೊಂದಕ್ಕೂ ನಿಜವಾದ ಹೆಸರೊಂದುಂಟು. ತರುಣ ಮಾಂತ್ರಿಕ ಗೆಡ್ ಒಂದು ಮುದಿ ಸರ್ಪದ ಹೆಸರನ್ನು ಊಹಿಸಿ ಅದನ್ನು ಕಟ್ಟಿಹಾಕುತ್ತಾನೆ. ಗೆಡ್‌ನನ್ನು ಬೆನ್ನಟ್ಟಿರುವ ನೆರಳಿನ ಹೆಸರು ಹೇಳಿಕೊಡುತ್ತೇನೆಂದು ಸರ್ಪ ಆಸೆ ತೋರಿಸುತ್ತದೆ. ಅದು ಅವನ ಪ್ರಾಣದ ಪ್ರಶ್ನೆ. ಆದರೂ ಅವನು ಕೇಳುವುದು ಒಂದೇ: ದ್ವೀಪದ ಬಡಜನರ ಮೇಲೆ ನೀನಾಗಲಿ ನಿನ್ನ ಮಕ್ಕಳಾಗಲಿ ಎಂದೂ ಹಾರಿಬರಕೂಡದು. ತನಗಾಗಿ ಕೇಳದೆ ನೆರೆಯವರಿಗಾಗಿ ಕೇಳಿದ ಆ ಮಾತೇ ಅವನನ್ನು ದೊಡ್ಡವನನ್ನಾಗಿ ಮಾಡಿತು.

ಲೆ ಗ್ವಿನ್ ಅಲ್ಲಿಗೆ ನಿಲ್ಲಿಸಲಿಲ್ಲ. ೧೯೯೦ರ ‘ಟೆಹಾನು’ ಮತ್ತು ೨೦೦೧ರ ‘ದಿ ಅದರ್ ವಿಂಡ್’ ಕಾದಂಬರಿಗಳಲ್ಲಿ, ಮನುಷ್ಯರೂ ಘಟಸರ್ಪಗಳೂ ಮೊದಲು ಒಂದೇ ಕುಲವಾಗಿದ್ದರೆಂಬ ಕಥೆಯನ್ನು ಹೇಳಿದರು. ಒಮ್ಮೆ ಅವರು ಪಾಲಾದರು. ಕೆಲವರು ಗಾಳಿಯನ್ನೂ ಬಿಡುಗಡೆಯನ್ನೂ ಆರಿಸಿಕೊಂಡು ಸರ್ಪಗಳಾದರು. ಕೆಲವರು ಮನೆ, ಹೊಲ, ಒಡವೆಗಳನ್ನು ಆರಿಸಿಕೊಂಡು ಮನುಷ್ಯರಾದರು. ಆದರೆ ಮನುಷ್ಯರ ಮಾಂತ್ರಿಕರು ಸಾವನ್ನು ಗೆಲ್ಲುವ ಆಸೆಗೆ ಸರ್ಪಗಳ ಪಾಲಿನ ಪಡುವಣ ನೆಲವನ್ನು ಕದ್ದು ಗೋಡೆ ಹಾಕಿದರು. ಆ ನೆಲ ಒಣಗಿ, ಸತ್ತವರು ಒಬ್ಬರನ್ನೊಬ್ಬರು ಗುರುತಿಸದೆ ಅಲೆಯುವ ಬೀಡಾಯಿತು. ಲೆ ಗ್ವಿನ್‌ರ ತಂದೆ ಆಲ್ಫ್ರೆಡ್ ಕ್ರೋಬರ್ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ನಡುವೆ ಕೆಲಸಮಾಡಿದ ಮಾನವಶಾಸ್ತ್ರಜ್ಞ. ಆ ಜನರೊಡನೆ ೧೮೫೧-೫೨ರಲ್ಲಿ ಸರ್ಕಾರದ ಕಡೆಯವರು ಮಾಡಿಕೊಂಡ ಹದಿನೆಂಟು ಒಪ್ಪಂದಗಳನ್ನು ಅಮೆರಿಕದ ಸೆನೆಟ್ ಮಂಜೂರು ಮಾಡಲೇ ಇಲ್ಲ; ನೆಲ ಮಾತ್ರ ಹೋಯಿತು. ಕಾದಂಬರಿ ಇದರ ರೂಪಕವೆಂದು ನಾನು ಸಾಧಿಸಹೊರಟಿಲ್ಲ. ಆ ಮನೆಯಲ್ಲಿ ಬೆಳೆದವರಿಗೆ ಮುರಿದ ಒಪ್ಪಂದದ ಕಥೆ ದೂರದ್ದಾಗಿರಲಾರದು ಎಂದಷ್ಟೇ ನನ್ನ ಭಾವನೆ.

ನಾಲ್ಕು ಬಗೆಗಳನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಚೀನೀ ಕಥೆಯೊಂದರಲ್ಲಿ ತಪ್ಪಿದವನು ಡ್ರಾಗನ್. ಅದಕ್ಕೆ ಅವನ ತಲೆ ಹೋಯಿತು. ಬಟ್ಟಲನ್ನು ಕದ್ದವನು, ಕಾಣಿಕೆಯನ್ನು ನಿಲ್ಲಿಸಿದವನು, ನೆಲವನ್ನು ಕಬಳಿಸಿದವನು ಮನುಷ್ಯ. ಅವನನ್ನು ವಿಚಾರಿಸಲು ಮೇಲೆ ಯಾವ ನ್ಯಾಯಸ್ಥಾನವೂ ಇರಲಿಲ್ಲ. ದಂಡವನ್ನು ಊರೇ ತೆತ್ತಿತು.

ನಾಗನಿಂದ ಮಾತು ಆರಂಭಿಸಿದೆ, ನಾಗನಲ್ಲಿಗೇ ಮರಳುತ್ತೇನೆ. ನಮ್ಮ ಕರಾವಳಿಯ ನಾಗಬನಗಳನ್ನು ಕಂಡವರು ಬಲ್ಲರು. ಗದ್ದೆ ತೋಟಗಳ ನಡುವೆ ಒಂದು ತುಂಡು ಕಾಡು, ಬಳ್ಳಿ ಹೆಣೆದ ಮರಗಳ ನೆರಳಿನಲ್ಲಿ ನಾಗನ ಕಲ್ಲುಗಳು. ಅಲ್ಲಿ ಕೊಡಲಿ ಆಡಬಾರದು, ಕಟ್ಟಿಗೆ ತರಬಾರದು. ಉಳಿದ ನೆಲವೆಲ್ಲ ನಮ್ಮದು, ಇಷ್ಟು ನಿನ್ನದು ಎಂಬುದೇ ಅದರ ಅರ್ಥ. ಹಾವಿಗೆ ಸಾಕ್ಷಿ ಬೇಕಾಗಿರಲಿಲ್ಲ, ಮನುಷ್ಯನಿಗೆ ಪತ್ರ ಬೇಕಾಗಿರಲಿಲ್ಲ. ಕಲ್ಪಿತ ಲೋಕದ ಲೇಖಕರು ಪುಟಗಟ್ಟಲೆ ಬರೆದು ಕಟ್ಟಿದ ಒಡಂಬಡಿಕೆಯನ್ನು ನಮ್ಮ ಒಕ್ಕಲಿನ ಮಂದಿ ಬೇಲಿಯೂ ಇಲ್ಲದೆ ತಲೆಮಾರುಗಳ ಕಾಲ ನಡೆಸಿಕೊಂಡು ಬಂದರು.

ಈಗ ಎಷ್ಟೋ ಕಡೆ ಆ ಮರಗಳನ್ನು ಕಡಿದು, ಸಿಮೆಂಟಿನ ಕಟ್ಟೆ ಕಟ್ಟಿ, ನೆಲಕ್ಕೆ ನುಣುಪಾದ ಹಾಸುಗಲ್ಲು ಹಾಕಿ, ಕಲ್ಲಿನ ನಾಗನನ್ನು ಅದರ ಮೇಲೆ ಕೂರಿಸಿದ್ದಾರೆ. ಪೂಜೆಗೆ ಕೊರತೆಯಿಲ್ಲ, ಹಿಂದಿಗಿಂತ ವಿಜೃಂಭಣೆಯೇ ಹೆಚ್ಚು. ಮಾಡುವವರ ಭಕ್ತಿಯಲ್ಲಿ ನನಗೆ ಅನುಮಾನವೂ ಇಲ್ಲ. ಆದರೆ ಹಾವು ಹರಿದಾಡಲು ಅಲ್ಲಿ ತರಗೆಲೆಯಿಲ್ಲ, ಹುತ್ತವಿಲ್ಲ, ತಂಪಿಲ್ಲ. ಕಾಣಿಕೆಯನ್ನು ತಪ್ಪದೆ ಒಪ್ಪಿಸುತ್ತಿದ್ದೇವೆ. ಪಾಲಿಗೆ ಬಿಟ್ಟಿದ್ದ ನೆಲವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಮುಂದಿನ ಸಲ ನಾಗನಿಗೆ ಹಾಲೆರೆಯಲು ಹೋದಾಗ, ಆ ಹಾಲು ಇಂಗಲು ಅಲ್ಲಿ ಒಂದು ಅಂಗೈಯಗಲ ಮಣ್ಣಾದರೂ ಉಳಿದಿದೆಯೇ ಎಂದು ನೋಡಬೇಕೆಂಬುದಷ್ಟೇ ನನ್ನ ಅರಿಕೆ.